ಮೇಲಿನ ಹಂತದಲ್ಲಿ ಕುಳಿತು ಕೇಳಿದ ಟೇಲರ್ ಸ್ವಿಫ್ಟ್

ವೇದಿಕೆಗೆ ಹತ್ತಿರದ ಟಿಕೆಟ್ ಸಿಗಲಿಲ್ಲವೆಂದು ಕೊರಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್‌ಳ ಎರಾಸ್ ಟೂರ್ ಎಂಬ ಸಂಗೀತ ಪ್ರವಾಸ (ಅದು 2024ರ ಡಿಸೆಂಬರ್‌ನಲ್ಲಿ ಮುಗಿಯಿತು) ದೂರದಲ್ಲಿ ಕುಳಿತವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ಪ್ರದರ್ಶನ. ನಾನು ಅದನ್ನು ನೋಡಿದ್ದು 2024ರ ಮೊದಲ ತಿಂಗಳುಗಳಲ್ಲಿ, ಕ್ರೀಡಾಂಗಣದ ಮೇಲಿನ ಹಂತದಲ್ಲಿ, ವೇದಿಕೆಯ ಬಲಬದಿಗೆ ಕುಳಿತು. ಅಲ್ಲಿಂದ ಅವಳ ಮುಖ ಬರಿಗಣ್ಣಿಗೆ ಕಾಣುವುದಿಲ್ಲ, ನಡಿಗೆ ಕಾಣುತ್ತದೆ. ಮೈದಾನದ ಉದ್ದಕ್ಕೂ ಚಾಚಿಕೊಂಡ ವೇದಿಕೆಯ ನೆಲವೇ ಒಂದು ಪರದೆ. ಅವಳು ಹೆಜ್ಜೆ ಇಟ್ಟಲ್ಲೆಲ್ಲ ಗಾಜು ಬಿರಿಯುವುದು, ನೆಲವೆಲ್ಲ ನೀರಾಗುವುದು, ಬಣ್ಣಗಳು ಅವಳ ಹಿಂದೆ ಓಡಿ ಬರುವುದು ಎತ್ತರದಲ್ಲಿ ಕುಳಿತವರಿಗೆ ಮಾತ್ರ ಪೂರ್ತಿಯಾಗಿ ದಕ್ಕುತ್ತದೆ. ಮೈದಾನದಲ್ಲಿ ನಿಂತವರು ಮುಂದಿನವರ ತಲೆಗಳ ನಡುವಿನಿಂದ ಅವಳನ್ನು ನೋಡುತ್ತಾರೆ. ನಾವು ಅವಳು ಏನನ್ನು ಕಟ್ಟಿದ್ದಾಳೆ ಎಂಬುದನ್ನು ನೋಡುತ್ತೇವೆ.

ವೃತ್ತಿಯಿಂದ ನಾನು ಆಡಿಯಾಲಜಿಸ್ಟ್. ಹೊರಗಿನ ಸದ್ದು ಒಳಬಾರದ ಕೋಣೆಯಲ್ಲಿ ಜನರನ್ನು ಕೂರಿಸಿ, ಯಾವ ಧ್ವನಿ ಎಷ್ಟು ಸಣ್ಣದಾದಾಗ ಅವರಿಗೆ ಕೇಳಿಸದಾಗುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಕೆಲಸ ಮುಗಿದ ಮೇಲೆ ನನ್ನ ಕಿವಿ ಟೇಲರ್‌ಳದು. 2008ರ ನವೆಂಬರ್‌ನಲ್ಲಿ ಅವಳ ಎರಡನೆಯ ಆಲ್ಬಂ ‘ಫಿಯರ್‌ಲೆಸ್’ ಬಂದಾಗ ಅವಳಿಗೆ 18 ವರ್ಷ. ನನಗೂ ಹೆಚ್ಚುಕಡಿಮೆ ಅಷ್ಟೇ. ನನ್ನ ವಯಸ್ಸಿನ ಹುಡುಗಿಯೊಬ್ಬಳು ತನ್ನ ಅವಮಾನಗಳನ್ನು ಹೆಸರಿಟ್ಟು, ದಿನ ಸಮೇತ ಹೇಳಿಕೊಳ್ಳಬಲ್ಲಳು ಎನ್ನುವುದೇ ಆಗ ನನಗೆ ದೊಡ್ಡ ಧೈರ್ಯವಾಗಿತ್ತು. ಅಂದಿನಿಂದ ಅವಳ ಒಂದೊಂದು ಆಲ್ಬಂ ನನ್ನ ಒಂದೊಂದು ಕಾಲಕ್ಕೆ ಅಂಟಿಕೊಂಡಿದೆ. ಯಾವ ಪರೀಕ್ಷೆಗೆ ಓದುವಾಗ ಯಾವ ಹಾಡು, ಯಾರನ್ನು ಮರೆಯುವಾಗ ಯಾವ ಹಾಡು ಎಂದು ಈಗಲೂ ಹೇಳಬಲ್ಲೆ.

ನಾನು ಕೇಳಲು ಹೋದದ್ದು ಒಂದೇ ಪ್ರಶ್ನೆಗೆ ಉತ್ತರವನ್ನು. 34 ವರ್ಷದ ಹೆಂಗಸು 18 ವರ್ಷದ ಹುಡುಗಿ ಬರೆದ ಮಾತುಗಳನ್ನು ನಂಬಿ ಹಾಡಬಲ್ಲಳೇ? ಅವಳ ಮೊದಲ ಆರು ಆಲ್ಬಂಗಳ ಮೂಲ ಧ್ವನಿಮುದ್ರಣಗಳ ಹಕ್ಕು 2019ರಲ್ಲಿ ಬೇರೆಯವರ ಪಾಲಾಯಿತು. ಅದಕ್ಕೆ ಅವಳು ಕೊಟ್ಟ ಉತ್ತರ ಆ ಹಾಡುಗಳನ್ನೇ ಮತ್ತೆ ಹಾಡಿ ಮುದ್ರಿಸುವುದು. 2021ರಿಂದ 2023ರ ಒಳಗೆ ಹೀಗೆ ನಾಲ್ಕು ಆಲ್ಬಂಗಳು ಹೊಸದಾಗಿ ಬಂದವು. ಆದರೆ ಅವುಗಳಲ್ಲಿ ಅವಳು ಹಳೆಯ ಹಾಡಿನ ಲಯ, ವಾದ್ಯ, ಉಸಿರಿನ ಜಾಗಗಳನ್ನೂ ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದಳು. ನಾನು ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿದವಳು. ಧ್ವನಿ ತುಂಬಿಕೊಂಡಿದೆ, ಕೆಳಗಿನ ಸ್ವರಗಳಿಗೆ ಮೈ ಬಂದಿದೆ, ವಾಕ್ಯದ ಕೊನೆಯಲ್ಲಿ ಗಾಳಿ ಸೋರುವುದು ನಿಂತಿದೆ. ಅಷ್ಟು ಗೊತ್ತಾಗಿತ್ತು. ನಂಬಿಕೆಯ ವಿಷಯ ಮಾತ್ರ ಸ್ಟುಡಿಯೊದಿಂದ ಗೊತ್ತಾಗುವಂಥದ್ದಲ್ಲ. (ಆ ಮೂಲ ಮುದ್ರಣಗಳನ್ನೂ 2025ರ ಮೇ ತಿಂಗಳಲ್ಲಿ ಅವಳು ಮರಳಿ ಕೊಂಡುಕೊಂಡಳು. ಆ ಸುದ್ದಿ ಓದಿದ ದಿನ ನನ್ನದೇ ಏನೋ ಮನೆಗೆ ಬಂದಂತೆ ಸಂತೋಷಪಟ್ಟೆ.)

ಪ್ರದರ್ಶನ ಆರಂಭವಾಗುವುದು ಗಡಿಯಾರದಿಂದ. ದೊಡ್ಡ ಪರದೆಯ ಮೇಲೆ ಮುಳ್ಳು ಸರಿಯುತ್ತ ಕ್ಷಣಗಣನೆ ನಡೆಯುತ್ತದೆ. ನರ್ತಕರು ಬೆನ್ನಿಗೆ ಹೊತ್ತ ಅಗಲವಾದ ಬಟ್ಟೆಗಳು ದಳಗಳಂತೆ ಬಿಚ್ಚಿಕೊಂಡು ವೇದಿಕೆಯ ನಡುವೆ ಒಟ್ಟುಗೂಡುತ್ತವೆ, ಅವು ಸರಿದಾಗ ಒಳಗಿಂದ ಅವಳು ಎದ್ದು ನಿಲ್ಲುತ್ತಾಳೆ. ಆ ಕ್ಷಣದ ಕೂಗನ್ನು ನಾನು ಯಾವ ವಿಡಿಯೊದಲ್ಲೂ ಕೇಳಿರಲಿಲ್ಲ. ಕೇಳಲು ಸಾಧ್ಯವೂ ಇಲ್ಲ, ಏಕೆಂದರೆ ಮೊಬೈಲ್‌ನ ಮೈಕ್ರೊಫೋನ್ ಅಷ್ಟು ದೊಡ್ಡ ಸದ್ದನ್ನು ತಾನೇ ತಗ್ಗಿಸಿಬಿಡುತ್ತದೆ. ಅದು ನಾಲ್ಕೂ ಕಡೆಯಿಂದ ಒಟ್ಟಿಗೆ ಎದ್ದು ಎದೆಗೂಡಿಗೆ ಬಂದು ತಗುಲಿತು. ಆ ರಾತ್ರಿಯ ಅತಿ ಜೋರಾದ ಶಬ್ದ ಧ್ವನಿವರ್ಧಕಗಳದಲ್ಲ, ನಮ್ಮದೇ.

1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶಿಯಾ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ 55,000ಕ್ಕೂ ಹೆಚ್ಚು ಜನರ ಮುಂದೆ ಹಾಡಿದಾಗ, ಹಾಡಿದ್ದು ಕೇಳುಗರಿಗಿರಲಿ, ಹಾಡುವವರಿಗೇ ಕೇಳಿಸಲಿಲ್ಲ. ಬೇಸ್‌ಬಾಲ್ ಪಂದ್ಯದ ಪ್ರಕಟಣೆಗೆಂದು ಇದ್ದ ಸ್ಪೀಕರುಗಳ ಮೂಲಕ ಅವರ ಧ್ವನಿ ಹೊರಬರಬೇಕಾಗಿತ್ತು. ಇಂದು ಅದಕ್ಕಿಂತ ದೊಡ್ಡ ಗದ್ದಲದ ನಡುವೆಯೂ ಟೇಲರ್ ಶ್ರುತಿ ಬಿಡದೆ ಹಾಡುವುದು ಕಿವಿಯೊಳಗೆ ಕೂರುವ ಮಾನಿಟರ್‌ಗಳಿಂದ. ಕಿವಿಯ ಅಳತೆಗೆ ಅಚ್ಚು ತೆಗೆದು ಮಾಡುವ ಆ ಸಣ್ಣ ಸಾಧನ ಹೊರಗಿನ ಸದ್ದನ್ನು ತಡೆದು, ಅವಳ ಧ್ವನಿಯನ್ನೂ ವಾದ್ಯಗಳನ್ನೂ ತಾಳದ ಗುರುತನ್ನೂ ಅವಳಿಗೆ ತಲುಪಿಸುತ್ತದೆ. ಇಂಥ ಅಚ್ಚುಗಳನ್ನು ಕಿವಿಗೆ ಮೇಣದಂಥ ಪದಾರ್ಥ ತುಂಬಿ ತೆಗೆಯುವ ಕೆಲಸ ನನ್ನಂಥವರದೇ. ಹಾಗಾಗಿ ಅವಳ ಕಿವಿಯಲ್ಲಿ ಅದು ಮಿಂಚಿದಾಗಲೆಲ್ಲ ನನಗೆ ವಿಶೇಷ ಖುಷಿ.

ಇನ್ನು ನಮಗೆ ಕೇಳಿಸಿದ ಧ್ವನಿಯ ಗುಣಮಟ್ಟ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುತ್ತದೆ. ವೇದಿಕೆಯಿಂದ 100 ಮೀಟರ್ ದೂರದಲ್ಲಿ ಕುಳಿತವರಿಗೆ ಅದು ಸೆಕೆಂಡಿನ ಸುಮಾರು ಮೂರನೇ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ. ಪರದೆಯ ಚಿತ್ರಕ್ಕೆ ಆ ತಡ ಇಲ್ಲ. ಆದ್ದರಿಂದ ಮೇಲಿನ ಹಂತದಲ್ಲಿ ತುಟಿಯ ಚಲನೆ ಮುಂದೆ, ಪದ ಹಿಂದೆ. ಮೊದಲ ಎರಡು ಹಾಡುಗಳಲ್ಲಿ ಇದು ಕಾಡುತ್ತದೆ, ಆಮೇಲೆ ಮಿದುಳು ಹೊಂದಿಸಿಕೊಳ್ಳುತ್ತದೆ. ದೂರದವರಿಗಾಗಿ ಮೈದಾನದ ನಡುವೆ ಬೇರೆ ಸ್ಪೀಕರುಗಳ ಗೋಪುರಗಳಿರುತ್ತವೆ. ಮುಖ್ಯ ಸ್ಪೀಕರಿನ ಶಬ್ದ ಅಲ್ಲಿಗೆ ಬಂದು ಸೇರುವ ಹೊತ್ತಿಗೆ ಸರಿಯಾಗಿ ಇವೂ ನುಡಿಯುವಂತೆ ಬೇಕೆಂದೇ ತಡಮಾಡಿಸಿರುತ್ತಾರೆ. ಅದು ಬಲುಮಟ್ಟಿಗೆ ಚೆನ್ನಾಗಿಯೇ ಹೊಂದಿತ್ತು. ನನ್ನ ತಲೆಯ ಮೇಲಿದ್ದ ಛಾವಣಿ ಮಾತ್ರ ಡ್ರಮ್ಮಿನ ಪ್ರತಿ ಏಟನ್ನೂ ಮರಳಿ ಕಳುಹಿಸುತ್ತಿತ್ತು. ‘ರೆಪ್ಯುಟೇಶನ್’ ಆಲ್ಬಮ್ಮಿನ ಹಾಡುಗಳ ಭಾಗದಲ್ಲಿ, ಕಪ್ಪು ಉಡುಪಿನ ಮೇಲೆ ಕೆಂಪು ಹಾವು ಸುತ್ತಿಕೊಂಡು ಅವಳು ಬರುವಾಗ, ಮಂದ್ರದ ಸದ್ದು ಪದಗಳನ್ನು ನುಂಗಿಹಾಕಿತು. ಪ್ರತಿ ಸಾಲು ಬಾಯಿಪಾಠವಾಗಿದ್ದರಿಂದ ನನಗೆ ನಷ್ಟವಾಗಲಿಲ್ಲ. ಹಾಡುಗಳನ್ನು ಮೊದಲ ಬಾರಿಗೆ ಕೇಳುವವರನ್ನು ಜೊತೆಗೆ ಕರೆದೊಯ್ಯುವುದಾದರೆ ಛಾವಣಿಯ ಅಂಚಿನಿಂದ ಹೊರಗಿರುವ ಸಾಲನ್ನು ಆರಿಸಿ.

ಕಿವಿಯ ರಕ್ಷಣೆಯ ಬಗ್ಗೆ ನಾನು ಮಾತನಾಡದೆ ಇರಲಾರೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಸಹಿಸಬಹುದು ಎನ್ನುವುದು ಕೆಲಸದ ಜಾಗಗಳಿಗೆ ಹಾಕಿಕೊಂಡ ಒಂದು ಮಿತಿ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಸೂಚಿಸಿದ ಮೇಲ್ಮಿತಿಯೂ ಸರಾಸರಿ 100 ಡೆಸಿಬಲ್ಲೇ. ಈ ಪ್ರದರ್ಶನ ನಡೆದದ್ದು ಮೂರು ಗಂಟೆಗೂ ಮೀರಿ. ಲೆಕ್ಕ ನೀವೇ ಹಾಕಿಕೊಳ್ಳಿ. ಸಂಗೀತಕ್ಕೆಂದೇ ಮಾಡಿದ ಇಯರ್‌ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ಹಾಡು ಹಾಡಾಗಿಯೇ ಉಳಿಯುತ್ತದೆ, ಹೊಡೆತ ಮಾತ್ರ ಇಳಿಯುತ್ತದೆ. ಸ್ಪಂಜಿನ ಅಗ್ಗದವು ಮೇಲಿನ ಸ್ವರಗಳನ್ನು ಹೆಚ್ಚು ಕತ್ತರಿಸುವುದರಿಂದ ಧ್ವನಿ ಗೋಡೆಯಾಚೆ ಹಾಡಿದಂತಾಗುತ್ತದೆ. ಆದರೂ ಏನೂ ಇಲ್ಲದಿರುವುದಕ್ಕಿಂತ ಅವೇ ಮೇಲು. ನಮ್ಮ ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಗುಲಾಬಿ ಬಣ್ಣದ ಕಿವಿಮುಚ್ಚುಗೆ ಹಾಕಿಕೊಂಡು ಮೂರು ಗಂಟೆಯೂ ಕುರ್ಚಿಯ ಮೇಲೆ ನಿಂತೇ ಹಾಡಿದಳು. ಅವಳ ತಾಯಿಗೆ ಕೈಮುಗಿಯಬೇಕೆನಿಸಿತು.

ಹಾಡುಗಳಿಗೆ ಬರುತ್ತೇನೆ. ಒಂದೊಂದು ಆಲ್ಬಮ್ಮೂ ಒಂದೊಂದು ಅಂಕ. ಪ್ರತಿ ಅಂಕಕ್ಕೂ ಬೇರೆ ಉಡುಪು, ಬೇರೆ ಬೆಳಕು, ಬೇರೆ ಮನೆ. ಒಟ್ಟು 40ಕ್ಕೂ ಹೆಚ್ಚು ಹಾಡುಗಳು. ಕಾಲಾನುಕ್ರಮ ಇಲ್ಲ, ಅದೇ ಇದರ ಜಾಣ್ಮೆ. ‘ಲವರ್’ ಆಲ್ಬಮ್ಮಿನಿಂದ ಆರಂಭವಾಗಿ ಒಮ್ಮೆಲೇ ಹನ್ನೊಂದು ವರ್ಷ ಹಿಂದಕ್ಕೆ, ‘ಫಿಯರ್‌ಲೆಸ್’ಗೆ ಜಿಗಿಯುತ್ತದೆ. ಚಿನ್ನದ ಝಾಲರಿನ ಗಿಡ್ಡ ಉಡುಪು, ಕೊರಳಲ್ಲಿ ಗಿಟಾರ್, ಎರಡೂ ಕೈಗಳಿಂದ ಹೃದಯದ ಆಕಾರ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿಯೇ. ಹದಿಹರೆಯದ ಹುಡುಗಿಯಂತೆ ನಟಿಸಲು ಅವಳು ಹೋಗಲಿಲ್ಲ. ಧ್ವನಿಯನ್ನು ತೆಳ್ಳಗೆ ಮಾಡಿಕೊಳ್ಳಲಿಲ್ಲ. ಈಗಿನ ತುಂಬು ಧ್ವನಿಯಲ್ಲೇ, ಅಂದಿನ ಹುಡುಗಿಯ ಮಾತನ್ನು ಒಂದಿಷ್ಟೂ ಹಗುರ ಮಾಡದೆ ಹಾಡಿದಳು. ಹಳೆಯ ಪತ್ರವನ್ನು ನಗದೆ, ನಾಚದೆ ಓದಿ ಹೇಳುವವರು ಅಪರೂಪ. ನನಗೆ ಆಗ ಅಳು ಬಂತು. ಸುತ್ತ ಇದ್ದವರಲ್ಲಿ ನನ್ನ ವಯಸ್ಸಿನವರೆಲ್ಲ ಆ ಭಾಗದಲ್ಲೇ ಅತ್ತರು, ಕಿರಿಯರು ಅತ್ತದ್ದು ಬೇರೆ ಕಡೆ.

‘ಎವರ್‌ಮೋರ್’ ಭಾಗದಲ್ಲಿ ಪಾಚಿ ಕಟ್ಟಿದ ಪಿಯಾನೊ ವೇದಿಕೆಗೆ ಬರುತ್ತದೆ. ನಿರಾಕರಿಸಿದ ಮದುವೆಯೊಂದರ ಹಾಡನ್ನು ಅವಳೊಬ್ಬಳೇ ಕುಳಿತು ನುಡಿಸುತ್ತಾಳೆ. ಅದು ಮುಗಿದ ಮೇಲೆ ಜನ ನಿಲ್ಲದೆ ಚಪ್ಪಾಳೆ ತಟ್ಟುವುದು ಈ ಪ್ರವಾಸದುದ್ದಕ್ಕೂ ಬೆಳೆದುಬಂದ ಪದ್ಧತಿ. ಅದು ನನಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದದ್ದರಿಂದ ಸ್ವಲ್ಪ ಕೃತಕವೆನಿಸಬಹುದೆಂದುಕೊಂಡಿದ್ದೆ. ಹಾಗೆ ಆಗಲಿಲ್ಲ. ಚಪ್ಪಾಳೆ ತಗ್ಗುತ್ತಿದೆ ಎನ್ನುವಾಗ ಎದುರು ಬದಿಯ ಮೇಲಂತಸ್ತಿನಿಂದ ಮತ್ತೆ ಏಳುತ್ತಿತ್ತು, ಅದನ್ನು ಕೇಳಿ ನಮ್ಮ ಬದಿ ಸೇರಿಕೊಳ್ಳುತ್ತಿತ್ತು. ಟೇಲರ್ ಒಂದು ಕಿವಿಯ ಮಾನಿಟರ್ ತೆಗೆದು ಸುತ್ತ ನೋಡಿದಳು. ಅಷ್ಟು ಹೊತ್ತು ಅವಳಿಗೆ ನಾವು ಗಾಜಿನಾಚೆಯ ಸದ್ದು ಮಾತ್ರವಾಗಿದ್ದೆವು ಎಂಬುದು ನನ್ನ ವೃತ್ತಿಯಿಂದ ನನಗೆ ತಿಳಿದಿತ್ತು. ಆದ್ದರಿಂದ ಆ ಕೈಚಲನೆಯ ಬೆಲೆಯೂ ತಿಳಿಯಿತು. ಈಗ ಕೇಳುತ್ತಿದ್ದಾಳೆ ಎಂದು ಪಕ್ಕದವಳ ತೋಳು ಹಿಡಿದು ಕೂಗಿದೆ. ಅವಳಿಗೆ ನನ್ನ ಭಾಷೆ ಬರುತ್ತಿರಲಿಲ್ಲ, ತಲೆಯಾಡಿಸಿದಳು.

‘ರೆಡ್’ ಭಾಗದಲ್ಲಿ ವೇದಿಕೆಯ ತುದಿಯಲ್ಲಿ ಆಯ್ದ ಮಗುವಿಗೋ ಅಭಿಮಾನಿಗೋ ತಲೆಯ ಕಪ್ಪು ಹ್ಯಾಟನ್ನು ಕೊಟ್ಟು ತಬ್ಬಿಕೊಳ್ಳುತ್ತಾಳೆ. ಆ ಬಳಿಕ ಹತ್ತು ನಿಮಿಷದ ಹಾಡು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಹಾಡುಗಳಲ್ಲಿ ಅತಿ ಉದ್ದದ್ದು ಇದು, 2021ರ ನವೆಂಬರ್‌ನಲ್ಲಿ ಬಂದದ್ದು. ಕ್ರೀಡಾಂಗಣದ ಪ್ರದರ್ಶನವೊಂದರಲ್ಲಿ ನರ್ತಕರಿಲ್ಲದೆ, ಬೆಂಕಿ ಹೊಗೆಯಿಲ್ಲದೆ, ಉದ್ದನೆಯ ಮಿನುಗು ಕೋಟು ತೊಟ್ಟು ಗಿಟಾರ್ ಹಿಡಿದು ಹತ್ತು ನಿಮಿಷ ನಿಂತೇ ಕಥೆ ಹೇಳುವ ಧೈರ್ಯ ಎಷ್ಟು ಜನಕ್ಕಿದೆ? ಸುತ್ತಲಿನ ಸಾವಿರಾರು ಜನ ಪದ ಬಿಡದೆ ಜೊತೆಗೆ ಹಾಡಿದರು. ಈ ಹಾಡನ್ನು ನಾನು ಯಾವಾಗಲೂ ಒಬ್ಬಳೇ, ದೀಪ ಆರಿಸಿ ಕೇಳಿದವಳು. ಇಷ್ಟು ಜನರ ನಡುವೆ ಅದು ನನ್ನದಾಗಿ ಉಳಿಯದೇನೋ ಎಂಬ ಅಳುಕು ಟಿಕೆಟ್ ಕೊಂಡ ದಿನದಿಂದಲೂ ಇತ್ತು. ಜಗಳದ ಸಾಲುಗಳು ಬಂದಾಗ ಮುಂದಿನ ಸಾಲಿನ ವಯಸ್ಸಾದ ಗಂಡಸೊಬ್ಬರು ಮುಷ್ಟಿ ಬಿಗಿದು ಹಾಡುವುದನ್ನು ಕಂಡೆ. ಅವರಿಗೂ ಯಾವುದೋ ದೀಪ ಆರಿಸಿದ ಕೋಣೆ ಇದ್ದಿರಬೇಕು. ಅಳುಕು ಅಲ್ಲಿಗೆ ಹೋಯಿತು.

ಕೆಲವು ಭಾಗಗಳನ್ನು ಬೇಗ ದಾಟುತ್ತೇನೆ. ‘ಸ್ಪೀಕ್ ನೌ’ ಆಲ್ಬಮ್ಮಿಗೆ ಇನ್ನಷ್ಟು ಹಾಡುಗಳು ಸಲ್ಲಬೇಕಿತ್ತು. ಪೂರ್ತಿ ಒಬ್ಬಳೇ ಬರೆದ ಆಲ್ಬಮ್ ಅದು, ನೇರಳೆ ಗೌನು ಕಣ್ಣಿಗೆ ತುಂಬುವ ಮೊದಲೇ ಮುಗಿದುಹೋಗುತ್ತದೆ. ‘ಫೋಕ್‌ಲೋರ್’ ಭಾಗದ ಪಾಚಿ ಛಾವಣಿಯ ಮರದ ಮನೆ ಬಹಳ ಚೆಂದ. ‘1989’ ಭಾಗ ಕುಣಿಯಲಿಕ್ಕೆ, ಅದರ ಬೆಂಕಿಯ ಜ್ವಾಲೆಗಳ ಕಾವು ಮೇಲಿನ ಹಂತದಲ್ಲಿ ಕುಳಿತ ನಮ್ಮ ಮುಖಕ್ಕೂ ತಟ್ಟಿತು.

ಆಮೇಲೆ ಬರುವ ಎರಡು ಹಾಡುಗಳಿಗಾಗಿಯೇ ನಾನು ಇನ್ನೊಮ್ಮೆ ಹೋಗಲೂ ಸಿದ್ಧಳಿದ್ದೆ. ಅಷ್ಟು ಹೊತ್ತು ಪ್ರತಿ ಹೆಜ್ಜೆ, ಪ್ರತಿ ಬೆಳಕು ಮೊದಲೇ ನಿಗದಿಯಾದದ್ದು. ಅರ್ಧ ಗಂಟೆಗೂ ಕಡಿಮೆಯಾದ ಈ ಹೊತ್ತಿನಲ್ಲಿ ಮಾತ್ರ ಏನು ಬರುತ್ತದೆಂದು ಕೇಳುಗರಲ್ಲಿ ಯಾರಿಗೂ ಗೊತ್ತಿಲ್ಲ. ಮೊದಲು ಗಿಟಾರ್, ಆಮೇಲೆ ಪಿಯಾನೊ, ಅವಳೊಬ್ಬಳೇ. 2024ರಲ್ಲಿ ಅವಳು ಒಂದಕ್ಕೊಂದು ಹಾಡನ್ನು ಹೆಣೆದು ಹಾಡುವುದನ್ನೂ ಆರಂಭಿಸಿದಳು. ಯಾವ ಊರಿನಲ್ಲಿ ಯಾವುದನ್ನು ಹಾಡಿದಳೆಂದು ಅಭಿಮಾನಿಗಳು ಪಟ್ಟಿ ಇಟ್ಟುಕೊಳ್ಳುತ್ತಿದ್ದರು. ನಾನೂ ತಿಂಗಳುಗಟ್ಟಲೆ ಆ ಪಟ್ಟಿ ನೋಡುತ್ತ, ನನ್ನ ಹಾಡು ಇನ್ನೂ ಉಳಿದಿದೆಯೇ ಎಂದು ಎದೆ ಬಿಗಿಹಿಡಿದಿದ್ದೆ. ಅವಳು ಆ ರಾತ್ರಿ ಅದನ್ನು ಹಾಡಲಿಲ್ಲ. ಗಿಟಾರಿಗೆ ಬಂದದ್ದು ನಾನು ವರ್ಷಗಳಿಂದ ಕೇಳದೆ ದಾಟಿಸಿಬಿಡುತ್ತಿದ್ದ ಹಾಡು.

ಬ್ಯಾಂಡ್ ಇಲ್ಲದ್ದರಿಂದ ಛಾವಣಿಯ ಪ್ರತಿಧ್ವನಿ ಇರಲಿಲ್ಲ. ಮೊದಲ ಸಾಲಿಗೆ ಮುಂಚೆ ಅವಳು ಉಸಿರೆಳೆದುಕೊಂಡದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ತಂತಿಯ ಮೇಲೆ ಬೆರಳು ಜಾರುವ ಕಿರುಗುಟ್ಟುವಿಕೆ ಕೇಳಿಸಿತು. ಎರಡನೆಯ ಚರಣದಲ್ಲಿ ಒಂದು ಪದದ ಕೊನೆಯ ಅಕ್ಷರವನ್ನು ಅವಳು ನುಂಗಿದಳು, ಅದನ್ನು ಸರಿಪಡಿಸಲು ಯಾರೂ ಇಲ್ಲ, ಸರಿಪಡಿಸುವ ಅಗತ್ಯವೂ ಇರಲಿಲ್ಲ. ಮುದ್ರಿತ ಹಾಡಿನಲ್ಲಿ ಡ್ರಮ್ಮು, ಸಿಂಥಸೈಜರ್‌ಗಳ ಅಡಿಯಲ್ಲಿ ಹುದುಗಿಹೋಗಿದ್ದ ಒಂದು ಸಾಲು ಈಗ ಮೇಲೆ ಬಂತು. ತಾಯಿಗೆ ದೂರವಾಣಿಯಲ್ಲಿ ಹೇಳಲಾಗದ್ದನ್ನು ಹೇಳುವ ಹಾಗಿತ್ತು ಅವಳು ಅದನ್ನು ಹಾಡಿದ ರೀತಿ. ನಾನು ದಿನವೂ ಜನರಿಗೆ ಅತಿ ಸಣ್ಣ ಸದ್ದುಗಳನ್ನು ಕೇಳಿಸಿ, ಕೇಳಿಸಿತೇ ಎಂದು ವಿಚಾರಿಸುವವಳು. ಇಷ್ಟು ಜನ ತುಂಬಿದ ಬಯಲಿನಲ್ಲಿ ಅಷ್ಟು ಸಣ್ಣ ಸದ್ದೊಂದು ನನಗೆ ಕೇಳಿಸಿತು. ಜನ ಅದಕ್ಕೆ ಜಾಗ ಮಾಡಿಕೊಟ್ಟಿದ್ದರು. ಈ ಹಾಡು ಈಗ ನನ್ನ ಪಟ್ಟಿಯ ಮೇಲ್ತುದಿಯಲ್ಲಿದೆ.

ಪಿಯಾನೊ ಹಾಡು ಮುಗಿದೊಡನೆ ಅವಳು ವೇದಿಕೆಯೊಳಕ್ಕೆ ಧುಮುಕುತ್ತಾಳೆ. ನೆಲದ ಪರದೆಯಲ್ಲಿ ನೀರಿನಡಿ ಈಜುತ್ತ ಇನ್ನೊಂದು ತುದಿಗೆ ಸಾಗುವ ಅವಳ ಚಿತ್ರ ಕಾಣುತ್ತದೆ. ಮೈದಾನದವರು ಅದನ್ನು ದೊಡ್ಡ ಪರದೆಯಲ್ಲಿ ನೋಡುತ್ತಾರೆ, ನಮಗೆ ಮಾತ್ರ ಅದು ಕಾಲ ಕೆಳಗಿನ ನದಿ. ಅಲ್ಲಿಂದ ಕೊನೆಯ ಭಾಗ ‘ಮಿಡ್‌ನೈಟ್ಸ್’: ಮೋಡಗಳು, ಏಣಿಗಳು, ಕೊಡೆಗಳು, ಕೊನೆಯಲ್ಲಿ ಬಣ್ಣದ ಕಾಗದದ ಚೂರುಗಳ ಮಳೆ. ಮೂರು ಗಂಟೆಯಾದ ಮೇಲೂ ಅವಳ ಉಸಿರು ಸೋತಿರಲಿಲ್ಲ. ತಾಲೀಮಿನ ತಿಂಗಳುಗಳಲ್ಲಿ ಟ್ರೆಡ್‌ಮಿಲ್ ಮೇಲೆ ಓಡುತ್ತ ದಿನವೂ ಇಡೀ ಹಾಡುಗಳ ಪಟ್ಟಿಯನ್ನು ಗಟ್ಟಿಯಾಗಿ ಹಾಡುತ್ತಿದ್ದೆ, ವೇಗದ ಹಾಡಿಗೆ ವೇಗದ ಓಟ, ನಿಧಾನದ್ದಕ್ಕೆ ನಡಿಗೆ ಎಂದು ಅವಳು 2023ರಲ್ಲಿ ಟೈಮ್ ಪತ್ರಿಕೆಗೆ ಹೇಳಿದ್ದಳು. ಅದನ್ನು ಓದಿದಾಗ ಪ್ರಚಾರದ ಮಾತೆಂದುಕೊಂಡವರು ಈ ಕೊನೆಯ ಭಾಗವನ್ನು ಕೇಳಬೇಕು.

ಕೈಗೆ ಕಟ್ಟುವ ದೀಪದ ಪಟ್ಟಿಯನ್ನು ಪ್ರವೇಶದಲ್ಲೇ ಕೊಡುತ್ತಿದ್ದರು. ಅತಿಗೆಂಪು ಕಿರಣಗಳ ಸಂಕೇತಕ್ಕೆ ಅದು ಬಣ್ಣ ಬದಲಿಸುತ್ತದೆ, ಕಿರಣ ಬಿದ್ದ ಕಡೆ ಮಾತ್ರ ಬೆಳಗುವುದರಿಂದ ಜನಸಮೂಹದ ಮೇಲೆ ಅಲೆಗಳನ್ನೇ ಬರೆಯಬಹುದು. ತೋಳಿನ ಬಟ್ಟೆಯೊಳಗೆ ಅದನ್ನು ಮುಚ್ಚಿಟ್ಟರೆ ಸಂಕೇತ ತಲುಪುತ್ತಿರಲಿಲ್ಲ. ಅದಕ್ಕಿಂತ ನನಗೆ ಪ್ರಿಯವಾದದ್ದು ಮಣಿಗಳ ಸ್ನೇಹದ ಕೈಪಟ್ಟಿಗಳು. 2022ರ ಅವಳ ಹಾಡೊಂದರ ಸಾಲಿನಿಂದ ಹುಟ್ಟಿದ ಈ ಕೊಡುಕೊಳ್ಳುವಿಕೆ ಪ್ರದರ್ಶನದಷ್ಟೇ ಮುಖ್ಯ. ಕನ್ನಡ ಅಕ್ಷರದ ಮಣಿಗಳು ನನಗೆ ಎಲ್ಲೂ ಸಿಗಲಿಲ್ಲ. ಖಾಲಿ ಬಿಳಿ ಮಣಿಗಳನ್ನು ತಂದು ಸೂಕ್ಷ್ಮ ಮೊನೆಯ ಪೆನ್ನಿನಿಂದ ಒಂದೊಂದೇ ಅಕ್ಷರ ಬರೆದು ಪೋಣಿಸಿದೆ. ಅದೇನು ಲಿಪಿ, ಹೂವಿನ ಹಾಗಿದೆಯಲ್ಲ ಎಂದು ಕೇಳಿ ಕೇಳಿ ಜನ ಬದಲಾಯಿಸಿಕೊಂಡರು. ಒಬ್ಬ ಹುಡುಗಿ ತನ್ನ ಕೈಪಟ್ಟಿ ಕೊಟ್ಟು, ನನ್ನದರಲ್ಲಿ ಏನು ಬರೆದಿದೆ ಎಂದು ಕೇಳದೆಯೇ ಮಣಿಕಟ್ಟಿಗೆ ಏರಿಸಿಕೊಂಡಳು. ‘ಭಯವಿಲ್ಲ’ ಎಂದು ಬರೆದಿದ್ದೆ.

ವ್ಯವಸ್ಥೆಯ ಬಗ್ಗೆ. ಟಿಕೆಟ್ ಕೊಳ್ಳುವುದು ದೊಡ್ಡ ಹಿಂಸೆಯಾಗಿತ್ತು. ಅಮೆರಿಕದಲ್ಲಿ 2022ರ ನವೆಂಬರ್‌ನ ಮುಂಗಡ ಮಾರಾಟದಲ್ಲಾದ ಗೊಂದಲ ಮುಂದಿನ ಜನವರಿಯಲ್ಲಿ ಅಲ್ಲಿನ ಸೆನೆಟ್ ಸಮಿತಿಯ ವಿಚಾರಣೆಗೂ ವಿಷಯವಾಯಿತು. ನಾನು ಕೊಂಡಾಗಲೂ ಸರದಿಯ ಪರದೆ ದಿನದ ಬಹುಭಾಗ ಅಲುಗಾಡಲಿಲ್ಲ. ಸ್ಮರಣಿಕೆಗಳ ಮಳಿಗೆಯ ಸಾಲು ಉದ್ದವಿತ್ತು, ಬೇಕಾದ ಅಳತೆಯ ಅಂಗಿ ಮುಗಿದುಹೋಗಿದ್ದರೂ ಅದನ್ನು ಸಾಲಿನ ಹಿಂದಿದ್ದವರಿಗೆ ಯಾರೂ ಹೇಳಲಿಲ್ಲ. ಅಂಗಿಗಾಗಿ ಆರಂಭದ ಕಲಾವಿದೆಯ ಹಾಡುಗಳನ್ನು ಕಳೆದುಕೊಳ್ಳಬೇಡಿ. ನೀರಿನ ವಿಷಯ ಮಾತ್ರ ತಮಾಷೆಯದಲ್ಲ. 2023ರ ನವೆಂಬರ್‌ನಲ್ಲಿ ರಿಯೊ ಡಿ ಜನೈರೊದ ಪ್ರದರ್ಶನದಲ್ಲಿ ಉರಿಬಿಸಿಲಿನ ತಾಪಕ್ಕೆ ಯುವ ಅಭಿಮಾನಿಯೊಬ್ಬಳು ಪ್ರಾಣ ಕಳೆದುಕೊಂಡಳು. ಆಮೇಲೆ ಬ್ರೆಜಿಲ್ ಸರ್ಕಾರ ಇಂಥ ಕಾರ್ಯಕ್ರಮಗಳಲ್ಲಿ ನೀರಿನ ಬಾಟಲಿ ಒಯ್ಯಲು ಅವಕಾಶ ಕೊಡಬೇಕೆಂದು ಆದೇಶಿಸಿತು. ನೀವು ಹೋಗುವ ಜಾಗದ ನಿಯಮ ಏನೆಂದು ಮೊದಲೇ ಓದಿಕೊಳ್ಳಿ, ಜಾಗ ಬಿಟ್ಟುಹೋಗುತ್ತದೆಂದು ಬಾಯಾರಿಕೊಂಡು ನಿಲ್ಲಬೇಡಿ.

ಮೊಬೈಲ್ ಎತ್ತಿ ಹಿಡಿಯುವವರ ಬಗ್ಗೆ ನನಗೆ ಸಿಟ್ಟಿಲ್ಲ. ಊರಿನಲ್ಲಿ ಉಳಿದ ಗೆಳತಿಗೆ ತೋರಿಸುವ ಆಸೆ ನನಗೂ ಇತ್ತು. ಆದರೆ ಆ ಗಿಟಾರ್ ಹಾಡಿಗೆ ನಾನು ಮೊಬೈಲ್ ಚೀಲದಲ್ಲಿಟ್ಟಿದ್ದೆ, ಅದಕ್ಕಾಗಿ ಈಗಲೂ ಸಂತೋಷಪಡುತ್ತೇನೆ. 2023ರ ಜುಲೈನಲ್ಲಿ ಸಿಯಾಟಲ್ ನಗರದ ಎರಡು ರಾತ್ರಿಗಳಲ್ಲಿ ಪ್ರದರ್ಶನದ ಕಂಪನ ಹತ್ತಿರದ ಭೂಕಂಪಮಾಪಕದಲ್ಲಿ 2.3 ತೀವ್ರತೆಗೆ ಸಮನಾಗಿ ದಾಖಲಾಗಿತ್ತು. ಕುಣಿಯುವವರ ಪಾದಗಳದೋ ಧ್ವನಿವರ್ಧಕಗಳದೋ ಎಂದು ವಿಜ್ಞಾನಿಗಳು ಚರ್ಚಿಸಿದ್ದರು. ನಮ್ಮ ಹಂತದ ಕಾಂಕ್ರೀಟು ಕೆಲವು ಹಾಡುಗಳಿಗೆ ಅಂಗಾಲಿನಡಿ ತೂಗಿದ್ದು ನನಗಂತೂ ಅನುಭವಕ್ಕೆ ಬಂತು. ಮೊಬೈಲ್ ಅದನ್ನು ಹಿಡಿಯುವುದಿಲ್ಲ.

2023ರ ಮಾರ್ಚ್ 17ರಂದು ಅರಿಜೋನಾದ ಗ್ಲೆಂಡೇಲ್‌ನಲ್ಲಿ ಆರಂಭವಾದ ಈ ಪ್ರವಾಸ 149 ಪ್ರದರ್ಶನಗಳ ಬಳಿಕ 2024ರ ಡಿಸೆಂಬರ್ 8ರಂದು ವ್ಯಾಂಕೂವರ್‌ನಲ್ಲಿ ಮುಗಿಯಿತು. 2024ರ ಮೇ ತಿಂಗಳಿಂದ ಅದರಲ್ಲಿ ಹೊಸ ಆಲ್ಬಮ್ಮಿನ ಭಾಗ ಸೇರಿತು, ಅದಕ್ಕೆ ಜಾಗ ಮಾಡಲು ಕೆಲವು ಹಳೆಯ ಹಾಡುಗಳು ಬಿಟ್ಟುಹೋದವು. ನಾನು ಕೇಳಿದ್ದು ಮೊದಲಿನ ರೂಪವನ್ನು. ಹೋಗಲಾಗದವರಿಗೆ 2023ರ ಅಕ್ಟೋಬರ್‌ನಲ್ಲಿ ಬಂದ ಚಲನಚಿತ್ರ ಇದೆ, ಲಾಸ್ ಏಂಜಲೀಸ್ ಬಳಿಯ ಸೋಫೈ ಕ್ರೀಡಾಂಗಣದಲ್ಲಿ ಚಿತ್ರಿಸಿದ್ದು. ಮುಖ ನೋಡಬೇಕೆನ್ನುವವರಿಗೆ ನನ್ನ ಆಸನಕ್ಕಿಂತ ಅದೇ ಉತ್ತಮ, ಪದಗಳೂ ಅಲ್ಲಿ ಒಂದೂ ತಪ್ಪದೆ ಕೇಳಿಸುತ್ತವೆ. ಮುಂದೆ ಅವಳು ಎಲ್ಲಿ ಹಾಡಿದರೂ ಮೊದಲು ಈ ಚಿತ್ರವನ್ನು ಒಳ್ಳೆಯ ಸ್ಪೀಕರಿನಲ್ಲಿ ನೋಡಿ, ಆಮೇಲೆ ಸಿಗುವ ಆಸನವನ್ನು ಹಿಂಜರಿಯದೆ ಕೊಳ್ಳಿ. ಮತ್ತು ಇಯರ್‌ಪ್ಲಗ್ ಮರೆಯಬೇಡಿ. ಪ್ರದರ್ಶನದ ಮರುದಿನ ನನ್ನ ಗಂಟಲು ಪೂರ್ತಿ ಹೋಗಿತ್ತು, ಕಿವಿಯಲ್ಲಿ ಗುಂಯ್‌ಗುಡುವಿಕೆ ಒಂದಿಷ್ಟೂ ಇರಲಿಲ್ಲ.